ಅಡ್ಯಾರು ಅಳಿವೆಯ ಕೊಡುವಾ ಮೀನಿನ ಕೆಲಸದ ವೇಳೆಯನ್ನು ಕುರಿತು

ನುಂಗಂಬಾಕ್ಕಂ, ಮದರಾಸು
1958ರ ಬೇಸಿಗೆ

ಅಡ್ಯಾರು ಅಳಿವೆಯ ತಂಪು ಮಡುವಿನಲ್ಲಿ ಸುಖವಾಗಿ ಬಿಜಯಂಗೈದಿರುವ ಕೊಡುವಾ ಮೀನಿನವರ ಸನ್ನಿಧಿಗೆ, ಅಗ್ನಿನಕ್ಷತ್ರವೆಂಬ ಕಡುಬೇಸಿಗೆಯ ಬಿಸಿಲಿನಲ್ಲಿ ಮೂಗಿನ ಸಿಪ್ಪೆ ಸುಲಿಸಿಕೊಂಡಿರುವ ಐತಪ್ಪನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾನು ಇಲ್ಲಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದುಡ್ಡಿನ ಗಲ್ಲಾದ ಮೇಲೆ ಕೂರುವವನು. ನನ್ನ ಹೆಂಡತಿ ರತ್ನಾವತಿ ಮಲ್ಪೆಯವಳು, ಚೊಚ್ಚಲ ಬಸುರಿ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದೆ ಕಡ್ಡಿಯಾಗುತ್ತಿರುವ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಆಗಷ್ಟೇ ಹಿಡಿದ ತಮ್ಮ ಸಾರು. ಮಾರ್ಕೆಟಿನಿಂದ ನಾನು ತಂದ ತಮ್ಮ ಬಂಧುವೊಬ್ಬರನ್ನು ಮೂಸಿ ನೋಡಿ, “ಇದು ಸತ್ತು ಎಷ್ಟು ಹೊತ್ತಾಯ್ತೋ ಏನೋ, ನನಗೆ ಬೇಡ” ಎಂದು ಪಕ್ಕದ ಮನೆಯ ಬೆಕ್ಕಿಗೆ ದಾನ ಮಾಡಿದಳು.

ಹೋಟೆಲಿನಲ್ಲಿ ನನಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಮಾತ್ರ. ಆ ಹೊತ್ತಿನಲ್ಲಿ ದಿನಾ ಸೈಕಲ್ ತುಳಿದು ಬಂದು, ಗಾಳಕ್ಕೆ ಸೀಗಡಿ ಸಿಕ್ಕಿಸಿ, ತಮ್ಮ ಬಾಗಿಲು ಕಾದೆ. ಸಿಕ್ಕಿದ್ದು ಒಂದು ಏಡಿ, ಅದೂ ನನ್ನ ಬೆರಳನ್ನೇ ಹಿಡಿದುಕೊಂಡು ಬಂದದ್ದು. “ಈ ಬಿಸಿಲಿಗೆ ಮೀನು ಮೇಲೆ ಬರ್ತದಾ? ಬೆಳಕು ಹರಿಯುವಾಗ ಹೋಗಿ, ಇಲ್ಲದಿದ್ರೆ ಕತ್ತಲಾಗುವಾಗ” ಎಂದಳು ರತ್ನಾವತಿ. ಬೇಸಿಗೆಯಲ್ಲಿ ತಾವು ಹಗಲೆಲ್ಲ ಆಳದ ನೆರಳಿನಲ್ಲಿ ವಿಶ್ರಮಿಸಿ, ನೀರು ತಣಿದಾಗ ಮಾತ್ರ ಬೇಟೆಗೆ ಹೊರಡುವಿರೆಂದು ತಿಳಿದು ತಮ್ಮ ದೊಡ್ಡಸ್ತಿಕೆಗೆ ಬೆರಗಾದೆ. ಊಟಿಗೆ ಓಡುವ ಸಾಹೇಬರಿಗೂ ಇಷ್ಟು ಅಚ್ಚುಕಟ್ಟಿಲ್ಲ. ಆದರೆ ತಾವು ಆರಿಸಿಕೊಂಡ ಎರಡು ವೇಳೆಯೂ ನಮ್ಮ ಹೋಟೆಲಿನ ಮೊದಲ ಕಾಫಿಯ ಮತ್ತು ಸಂಜೆಯ ದೋಸೆಯ ವೇಳೆಯೇ ಆಗಬೇಕಿತ್ತೇ?

ನಮ್ಮ ಧಣಿ ಕೃಷ್ಣರಾಜ ರಾಯರು ಈರುಳ್ಳಿಯನ್ನೂ ಮನೆಯೊಳಗೆ ಬಿಡದವರು. ಅವರೆದುರು ಮೀನಿನ ಮಾತೆತ್ತಲು ಧೈರ್ಯ ಸಾಲದೆ, ಸಮುದ್ರಸ್ನಾನಕ್ಕೆಂದು ಒಂದು ಬೆಳಗಿನ ರಜೆ ಕೇಳಿದೆ. “ಒಳ್ಳೆ ಬುದ್ಧಿ ಬಂತು ಮಾರಾಯ, ನಾನೂ ಬರ್ತೇನೆ” ಎಂದು ಅವರೂ ಹೊರಟೇಬಿಟ್ಟರು. ನದಿ ಸಮುದ್ರ ಸೇರುವಲ್ಲಿ ಪುಣ್ಯ ಹೆಚ್ಚೆಂದು ಹೇಳಿ ಅವರನ್ನು ತಮ್ಮ ಬಳಿಗೇ ಕರೆತಂದೆ. ಪೂರ್ವ ಕೆಂಪಾಗುತ್ತಿದ್ದ ಹೊತ್ತಿನಲ್ಲಿ, ಮೊಣಕಾಲು ನೀರಿನಲ್ಲಿ ನಿಂತು, ಧಣಿಗಳು ಹೇಳಿಕೊಟ್ಟ ಸಂಕಲ್ಪವನ್ನು ನಾನು ಒಪ್ಪಿಸುತ್ತಿರುವಾಗ, ತಾವು ಮಾರು ದೂರದಲ್ಲಿ ಬೆಳ್ಳಿಯಂತೆ ನೆಗೆದು ದರ್ಶನ ಕೊಟ್ಟಿರಿ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು, ಭಕ್ತಿಯೆಂದು ತಿಳಿದು ಧಣಿಗಳು ಬೆನ್ನು ಸವರಿದರು. ಆಗ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೊಗಸೆ ನೀರೆತ್ತಿ ತಲೆಗೆ ಪ್ರೋಕ್ಷಿಸಿಕೊಂಡು, “ಬಸುರಿ ಬಯಕೆಗೆ ಅಡ್ಡ ಬಂದ್ರೆ ನನಗೆ ಪಾಪ. ನಾಳೆ ಸಂಜೆ ಗಲ್ಲಾ ನಾನು ನೋಡ್ತೇನೆ. ಅಡುಗೆಯವರಿಗೆ ಮಾತ್ರ ಹೇಳ್ಬೇಡ” ಎಂದರು.

ಮರುದಿನ ಮುಸ್ಸಂಜೆ ತಾವು ಗಾಳ ಕಚ್ಚುವ ಕೃಪೆ ಮಾಡಿದಿರಿ, ದಡದವರೆಗೂ ಬಂದಿರಿ, ನನ್ನ ಮುಖ ನೋಡಿದಿರಿ, ಕಿವಿರಿನ ಅಲಗಿನಿಂದ ದಾರ ಕತ್ತರಿಸಿಕೊಂಡು ಹೊರಟುಹೋದಿರಿ. ಇಲ್ಲಿನವರು ಇಟ್ಟ ಹೆಸರನ್ನು ಕೇಳಿ, ತಾವು ಕೊಡುವವರೆಂದೇ ನಂಬಿದ್ದ ಬಡ ಕನ್ನಡಿಗ ನಾನು. ಬರಿಗೈಯಲ್ಲಿ ಮನೆಗೆ ಬಂದು, ನಡೆದದ್ದನ್ನೆಲ್ಲ ಸಂಕಲ್ಪದ ಸಮೇತ ರತ್ನಾವತಿಗೆ ಹೇಳಿದೆ. ಇಷ್ಟು ದಿನ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ಸುಸ್ತಾಗಿ, “ಹಸಿವಾಗ್ತದೆ” ಎಂದಳು. ಧಣಿಗಳು ಕಳಿಸಿಕೊಟ್ಟಿದ್ದ ಅನ್ನ ಸಾರನ್ನು ಮತ್ತೊಮ್ಮೆ ಬಡಿಸಿಕೊಂಡು ಉಂಡಳು. ಅದು ಹೊಟ್ಟೆಯಲ್ಲಿ ನಿಂತಿತು. ಇದಕ್ಕಾಗಿ ತಮಗೆ ಕೃತಜ್ಞತೆ ಸಲ್ಲಬೇಕೇ ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ.

ಆದಕಾರಣ, ಇನ್ನು ಮುಂದೆ ತಾವು ಮಧ್ಯಾಹ್ನದ ಬಿಡುವಿನಲ್ಲೇ ಮೇಲೆ ಬರಬೇಕೆಂದೂ, ಬಿಸಿಲು ತಾಗುವುದಾದರೆ ನಾನೇ ಕೊಡೆ ಹಿಡಿದು ನಿಲ್ಲುವೆನೆಂದೂ ಸವಿನಯವಾಗಿ ಬಿನ್ನವಿಸಿಕೊಳ್ಳುತ್ತೇನೆ.

ತಮ್ಮ ಹಸಿವಿನಲ್ಲಿ ಇನ್ನೂ ವಿಶ್ವಾಸ ಕಳೆದುಕೊಳ್ಳದ,
ಐತಪ್ಪ

ತಾ.ಕ.: ಮಳೆಗಾಲ ಕಳೆದ ಮೇಲೆ ರತ್ನಾವತಿ ಹೆರಿಗೆಗೆ ಮಲ್ಪೆಗೆ ಹೋಗುತ್ತಾಳೆ. ಅಲ್ಲಿಯ ಹೊಳೆಯಲ್ಲಿ ತಮ್ಮ ಬಳಗದವರಿದ್ದರೆ ಒಂದು ಮಾತು ತಿಳಿಸಿಬಿಡಿ: ಅವಳ ಅಣ್ಣಂದಿರು ಯಾರೂ ಹೋಟೆಲಿನಲ್ಲಿ ಕೆಲಸಕ್ಕಿಲ್ಲ.