ಐದು ಬೆರಳಿಗೆ ಬಳಿದ ನೇರಳೆ ಔಷಧ

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಓಣಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ನನ್ನ ಹಣೆ ಬಿಸಿಯಾಗುತ್ತದೆ; ಪಕ್ಕದ ಮನೆಯವರು ಕೆಮ್ಮಿದರೆ ನನಗೆ ಎದೆನೋವು. ಇದಕ್ಕೆ ನನ್ನ ಹೆಂಡತಿ ಗೌರವ್ವ ಒಂದು ಉಪಾಯ ಕಂಡುಕೊಂಡಿದ್ದಳು. ಮನೆಗೆ ಬಂದ ಕೆಟ್ಟ ಸುದ್ದಿಯ ಬಗ್ಗೆ ನನ್ನ ಊಟ ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದದ್ದೂ ನನಗೆ ಗೊತ್ತಾದದ್ದು ಮಜ್ಜಿಗೆ ಕುಡಿದ ಮೇಲೆಯೇ. ಯುದ್ಧ ಇನ್ನೂ ನಡೆದಿರುವಾಗಲೇ ಇಂಥ ನನ್ನ ಬಲಗೈ ತೋರುಬೆರಳಿನ ಉಗುರು ಹಳದಿಯಾಯಿತು.

ಮೊದಲು ಅರಿಶಿನ ಎಂದುಕೊಂಡು ಉಜ್ಜಿದೆ. ಹೋಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಉಗುರು ದಪ್ಪಗಾಗಿ, ತುದಿಯಲ್ಲಿ ಪುಡಿಪುಡಿ ಉದುರತೊಡಗಿತು. ಮಣಿಕಟ್ಟಿನ ಮೇಲೆ ಒಂದು ಕೆಂಪು ಉಂಗುರ ಮೂಡಿತು. ಅದರ ನಡುವೆ ಚರ್ಮ ಬಿಳುಚಿಕೊಂಡಿತ್ತು. ಮಹಾರೋಗ! ಸಿದ್ಧೇಶ್ವರ ಗುಡಿಯ ಹಾದಿಯಲ್ಲಿ ಬೆರಳಿಲ್ಲದ ಕೈ ಚಾಚಿ ಕೂಡುತ್ತಿದ್ದ ಮುದುಕನನ್ನು ದಿನವೂ ನೋಡುತ್ತಿದ್ದವನು ನಾನು. ಅಂದಿನಿಂದ ಆ ಹಾದಿ ಬಿಟ್ಟು ಸುತ್ತು ಹಾಕಿ ಅಂಗಡಿಗೆ ಹೋಗತೊಡಗಿದೆ. ಹೆಂಡತಿಗೆ ಹೇಳಲಿಲ್ಲ. ನನ್ನ ತಟ್ಟೆ ನಾನೇ ತೊಳೆದುಕೊಂಡೆ, ಸೆಕೆಯೆಂದು ಹಾಸಿಗೆಯನ್ನು ಪಡಸಾಲೆಗೆ ತಂದುಕೊಂಡೆ. ಅದು ಕಾರ್ತಿಕ ಮಾಸ. ಅವಳು ಏನೂ ಕೇಳಲಿಲ್ಲ. ಅದೂ ಒಂದು ಹೆದರಿಕೆಯಾಯಿತು.

ಬೇರೆ ಕೆಲಸವಾಗಿದ್ದರೆ ಕೈಯನ್ನು ಅಂಗಿಯ ತೋಳಿನಲ್ಲಿ ಅಡಗಿಸಿ ಹೇಗೋ ದಿನ ದೂಡಬಹುದಿತ್ತು. ನಾನು ರೈತರ ಮಾಲು ಮಾರಿಕೊಡುವ ವಿಜಾಪುರದ ಒಂದು ಅಡತಿ ಅಂಗಡಿಯ ಗುಮಾಸ್ತ. ರೈತರು ತಂದ ಶೇಂಗಾಕ್ಕೆ ಬೆಲೆ ಕಟ್ಟುವಾಗ ಆಗ ಯಾರೂ ಬಾಯಿ ಬಿಡುತ್ತಿರಲಿಲ್ಲ. ಗುಮಾಸ್ತ ಕೈಯ ಮೇಲೆ ಶಲ್ಯ ಹೊದ್ದು ನಿಲ್ಲಬೇಕು. ಕೊಳ್ಳುವವರು ಒಬ್ಬೊಬ್ಬರಾಗಿ ಬಂದು ಶಲ್ಯದ ಕೆಳಗೆ ಅವನ ಬೆರಳು ಹಿಡಿಯಬೇಕು. ಹೆಚ್ಚು ಬೆರಳು ಹಿಡಿದಷ್ಟೂ ಹೆಚ್ಚು ಬೆಲೆ. ಪಕ್ಕದವನಿಗೆ ಗುಟ್ಟು ತಿಳಿಯಬಾರದು. ಅಂದರೆ ನನ್ನ ಅನ್ನವೇ ಈ ಬೆರಳುಗಳ ಮೇಲೆ ನಿಂತಿತ್ತು. ಸುದ್ದಿ ಹಬ್ಬಿದರೆ ಯಾರು ಹಿಡಿಯುತ್ತಾರೆ?

ಊರ ಡಾಕ್ಟರಿಗೆ ತೋರಿಸಿದರೆ ಗುಟ್ಟು ಉಳಿಯುವುದಿಲ್ಲವೆಂದು, ಬಬಲೇಶ್ವರಕ್ಕೆ ಮಾಲು ನೋಡಲು ಹೋಗುತ್ತೇನೆಂದು ಸುಳ್ಳು ಹೇಳಿ ತಿಕೋಟಾದ ಮೋಟಾರು ಹತ್ತಿದೆ. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಇದ್ದಲಿನ ಗ್ಯಾಸಿನ ಮೇಲೆ ಓಡುತ್ತಿದ್ದ ಆ ಮೋಟಾರು ಏರು ಬಂದಾಗಲೆಲ್ಲ ನನ್ನ ಹಾಗೆಯೇ ನಡುಗಿ ನಿಲ್ಲುತ್ತಿತ್ತು. ತಿಕೋಟಾದ ಡಾಕ್ಟರು ಕೈ ನೋಡಿ, “ಕಣ್ಣ ಮುಚ್ಚ್ರಿ. ಟಾಚಣಿ ಚುಚ್ಚತೀನಿ, ಗೊತ್ತಾದ ಕೂಡಲೇ ಹೇಳ್ರಿ” ಎಂದರು. ಮಹಾರೋಗವಾದರೆ ಗುಂಡುಸೂಜಿ ಚುಚ್ಚಿದ್ದು ತಿಳಿಯುವುದಿಲ್ಲವೆಂದು ನಾನೂ ಕೇಳಿದ್ದೆ. ಕಣ್ಣು ಮುಚ್ಚಿದವನೇ “ಚುಚ್ಚಿತ್ರೀ!” ಎಂದು ಕೂಗಿದೆ.

“ಇನ್ನೂ ಟಾಚಣಿ ಹುಡುಕಾಕತ್ತೀನ್ರಿ.”

ಆಮೇಲೆ ಮೂರು ಸಲ ಚುಚ್ಚಿದರು, ಮೂರು ಸಲವೂ ಹಾರಿಬಿದ್ದೆ. “ಇದು ಗಜಕರ್ಣರಿ. ಹಸಿ ರೊಟ್ಟಿಗೆ ಬೂಷ್ಟ ಹಿಡೀತದಲ್ಲ, ಹಂಗ ಉಗರಿಗೂ ಹಿಡದದ. ಮೈಗೆ ಈ ಮುಲಾಮು ಹಚ್ರಿ, ಆ ಒಂದು ಉಗರಿಗೆ ಈ ನೇರಳೆ ಔಷಧ. ಬುಡದಿಂದ ಹೊಸ ಉಗರು ಬರೂತನಕ ಬಿಡಬ್ಯಾಡ್ರಿ, ಆರು ತಿಂಗಳರ ಬೇಕು. ಮತ್ತ ಮಂದಿ ಕೈ ಮುಟ್ಟಬ್ಯಾಡ್ರಿ, ಹತ್ತತದ” ಎಂದರು. ಆ ಕೊನೆಯ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲವೆಂದು ಹಾದಿಯಲ್ಲೇ ತೀರ್ಮಾನಿಸಿದೆ.

ಒಂದು ಉಗುರಿಗೆ ಎಂದಿದ್ದರು. ಆದರೆ ಉಳಿದ ನಾಲ್ಕರ ಗತಿ? ಮುಂಜಾಗ್ರತೆಗೆಂದು ಐದೂ ಬೆರಳಿಗೆ ಬುಡದಿಂದ ತುದಿಯವರೆಗೆ ಬಳಿದೆ. ದಿನಕ್ಕೆ ಎರಡು ಸಲ ಎಂದದ್ದನ್ನು ನಾಲ್ಕು ಸಲ ಮಾಡಿದೆ. ಸಂತೆಯ ದಿನ ಅಂಗಡಿಗೆ ಹೊರಡುವ ಮುನ್ನ ಮತ್ತೊಮ್ಮೆ ಬಳಿದು, ಕೈಯನ್ನು ಶಲ್ಯದೊಳಗೆ ಬಚ್ಚಿಟ್ಟುಕೊಂಡು ಹೋದೆ. ಮಮದಾಪುರದ ರೈತನೊಬ್ಬನ ಶೇಂಗಾ ಬಂದಿತ್ತು. ಮೊದಲ ವ್ಯಾಪಾರಿ ಶಲ್ಯದ ಕೆಳಗೆ ನನ್ನ ಬೆರಳು ಹಿಡಿದ. ಹೆದರಿಕೆಯಿಂದ ನನ್ನ ಕೈ ಬೆವತು ತೊಪ್ಪೆಯಾಗಿತ್ತು. ಅವನು ಕೈ ಹೊರತೆಗೆದು ಮೀಸೆ ತೀಡಲು ಹೋದ. ಅಂಗೈಯಲ್ಲಿ ಮೂರು ನೇರಳೆ ಗೆರೆಗಳು ಎದ್ದು ಕಾಣುತ್ತಿದ್ದವು.

“ಮೂರು ಬೆರಳು ಹಿಡದಾನ್ರೋ!” ಎಂದು ಎರಡನೆಯವನು ಓಡಿಬಂದು ನಾಲ್ಕು ಹಿಡಿದ. ಅವನ ಅಂಗೈ ನೋಡಿ ಮೂರನೆಯವನು ಐದೂ ಹಿಡಿದ. ರೈತನ ಮುಖ ಅರಳಿತು. ಅಷ್ಟರಲ್ಲಿ ಮೊದಲನೆಯವನು ತನ್ನ ಕೈಯನ್ನು ಧೋತರಕ್ಕೆ ಉಜ್ಜುತ್ತ, “ಯಪ್ಪಾ, ಇದೇನ್ರಿ ನಿಮ್ಮ ಕೈಗೆ?” ಎಂದ.

“ಮಹಾರೋಗ ಅಲ್ಲರಿ!” ಎಂದುಬಿಟ್ಟೆ.

ಅದುವರೆಗೆ ಯಾರಿಗೂ ಆ ಯೋಚನೆಯೇ ಬಂದಿರಲಿಲ್ಲ. ಈಗ ಎಲ್ಲರೂ ಮೂರು ಹೆಜ್ಜೆ ಹಿಂದೆ ಸರಿದರು. ಹಗಲಿರುಳು ಹೆದರಿದ್ದು ಇದಕ್ಕೇ, ತಂದುಕೊಂಡದ್ದೂ ನಾನೇ. ಗಜಕರ್ಣವೆಂದು ಆಣೆ ಇಟ್ಟೆ. ಮಾಲೀಕರು ದೂರದಿಂದಲೇ, “ಉಗರು ಹೊಸದು ಬರೂತನಕ ಕೈಯಾಗ ಲೆಕ್ಕಣಿಕಿ ಹಿಡೀರಿ, ಮಂದಿ ಕೈ ಬ್ಯಾಡ” ಎಂದರು. ಲೆಕ್ಕ ಬರೆಯುವ ಲೇಖನಿ ಹಿಡಿದಾದರೂ ಕೆಲಸ ಉಳಿಯಿತು.

ಮನೆಗೆ ಬಂದು ಗೌರವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಸೆರಗು ಸರಿಸಿ ಮೊಳಕೈ ತೋರಿಸಿದಳು. ಅಲ್ಲೊಂದು ಉಂಗುರವಿತ್ತು. “ನಂಗೂ ಆಗೇತ್ರಿ, ಹದಿನೈದು ದಿನಾತು” ಎಂದಳು. ತಟ್ಟೆ ಬೇರೆ ಮಾಡಿದ ನಾನು ಕೈ ಒರೆಸುವ ವಸ್ತ್ರವನ್ನು ಬೇರೆ ಮಾಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನನ್ನದು ಗಜಕರ್ಣ ಸರಿ, ಅವಳದು ಅದೇ ಎಂದು ಯಾರು ಹೇಳಿದರು?

ಮರುದಿನ ಇಬ್ಬರೂ ತಿಕೋಟಾಕ್ಕೆ ಹೋದೆವು. “ಕಣ್ಣ ಮುಚ್ಚ್ರಿ ಅಕ್ಕಾರ, ಗೊತ್ತಾದ ಕೂಡಲೇ ಹೇಳ್ರಿ” ಎಂದು ಡಾಕ್ಟರು ಟಾಚಣಿ ಚುಚ್ಚಿದರು. ಮೊನೆ ಇಳಿದದ್ದನ್ನು ಕಣ್ಣಾರೆ ಕಂಡೆ. ಅವಳು ಮಿಸುಕಲಿಲ್ಲ. ಮತ್ತೆ ಚುಚ್ಚಿದರು. ತುಟಿ ಪಿಟ್ಟೆನ್ನಲಿಲ್ಲ. ಡಾಕ್ಟರ ಮುಖವೂ ಗಂಭೀರವಾಯಿತು. ಇವಳಿಲ್ಲದ ಮನೆ, ಇವಳಿಲ್ಲದ ಊಟ ಕಣ್ಣೆದುರು ಬಂದು ಕತ್ತಲೆ ಕವಿಯಿತು.

“ಗೊತ್ತಾಗಲಿಲ್ಲೇನ್ರಿ ಅಕ್ಕಾರ?”

“ಗೊತ್ತಾತ್ರೀ, ಎರಡು ಸಲಾನೂ ಚುರ್ ಅಂತು. ನಾ ಹಾಯ್ ಅಂದ್ರ ಇವರು ಅಂಜತಾರಂತ ಸುಮ್ಮನಿದ್ದೆ.”

ಈ ಮಾತನ್ನು ನಾನು ಕೇಳಿದ್ದು ಬೆಂಚಿನ ಕೆಳಗೆ ಬಿದ್ದುಕೊಂಡು, ಡಾಕ್ಟರಿಂದ ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತ.