ಮಂಚಕ್ಕೆ ಬಂದ ಕಾಫಿ

ಬೇಗೂರಿನ ಪಿಳ್ಳಮ್ಮನಿಗೆ ರೆಸಾರ್ಟು ಎಂಬ ಪದಾರ್ಥದ ಪರಿಚಯವಾದದ್ದು ಹಾಲಿನ ಡೈರಿಯ ಸಾಲಿನಲ್ಲಿ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಸೊಂಟದ ಮೇಲೆ ಹಾಲಿನ ಕ್ಯಾನು, ಕಣ್ಣಿನಲ್ಲಿ ಅರ್ಧ ನಿದ್ದೆ. ಮುಂದೆ ನಿಂತಿದ್ದ ಭಾಗ್ಯಮ್ಮ ತಿರುಗಿ ಸುದ್ದಿ ಬಿಚ್ಚಿದಳು. ಅವಳ ಗಂಡ, ಹೊಸೂರು ರಸ್ತೆಯ ಕಡೆ ಹೊಸದಾಗಿ ಎದ್ದಿದ್ದ ತರಂಗಿಣಿ ವಾಟರ್ ಪಾರ್ಕಿನಲ್ಲಿ ನೆಲಕ್ಕೆ ಟೈಲ್ಸ್ ಹಾಕಿ ಬಂದಿದ್ದ.

"ಅಕ್ಕೋ, ನೀರಾಟ ಆಡೋಕ್ ಬಂದೋರು ಅಲ್ಲೇ ಮಲಿಕೊಳ್ಳೋಕೆ ರೂಮ್ ಕಟ್ಟವ್ರೆ. ರೆಸಾರ್ಟು ಅಂತಾರೆ. ಒಂದ್ ರಾತ್ರಿ ಬಾಡಿಗೆ ಎಷ್ಟು ಅಂತ ಏಳಿದ್ರೆ ನಿನ್ ಕ್ಯಾನು ಕೆಳಕ್ ಬೀಳ್ತದೆ!"

"ಯಾಕಂತೆ? ಚಿನ್ನದ ಮಂಚವಾ?"

"ಮಂಚ ಮರದ್ದೇ ಕಣಕ್ಕ. ಆದ್ರೆ ಬೆಳಿಗ್ಗೆ ನೀನು ಏಳಂಗಿಲ್ಲ. ಮಂಚದ ಮೇಲ್ಕೇ ಕಾಫಿ ತಂದು ಕೈಗೆ ಕೊಡ್ತಾರಂತೆ. ಕುಡಿದ್ ಲೋಟಾನೂ ಅವ್ರೇ ತಗೊಂಡೋಯ್ತಾರೆ!"

ಬಾಡಿಗೆಯ ಮಾತಿಗೆ ಬೀಳದಿದ್ದ ಕ್ಯಾನು ಈ ಮಾತಿಗೆ ಬೀಳುವುದರಲ್ಲಿತ್ತು. ಮದುವೆಯಾಗಿ ಬೇಗೂರಿಗೆ ಬಂದಂದಿನಿಂದ ಪಿಳ್ಳಮ್ಮ ಹಸುವಿಗಿಂತ ತಡವಾಗಿ ಎದ್ದವಳಲ್ಲ. ಬಾಣಂತನಕ್ಕೆ ಹೋದರೆ ತವರಿನ ಹಸು ಅವಳಿಗಾಗಿ ಕಾದಿತ್ತು. ಊರಿಗೆಲ್ಲ ಕಾಫಿಗೆ ಹಾಲು ಕೊಟ್ಟ ಹೆಂಗಸಿಗೆ ಇನ್ನೊಬ್ಬರು ಕಾಫಿ ಕಾಯಿಸಿಕೊಟ್ಟ ಬೆಳಿಗ್ಗೆ ಒಂದೂ ಇರಲಿಲ್ಲ! ಡೈರಿಯ ಕಟ್ಟೆಯ ಮೇಲೆ ಕ್ಯಾನನ್ನು ಕುಕ್ಕಿ, ಸಾಲಿನಲ್ಲಿದ್ದ ಹೆಂಗಸರೆಲ್ಲ ಕೇಳುವ ಹಾಗೆ ಅವಳು ಘೋಷಿಸಿದಳು:

"ಬರೆದಿಟ್ಕೊಳ್ರಮ್ಮ! ಒಂದ್ ಬೆಳಿಗ್ಗೆ ನಾನು ಏಳಕ್ಕಿಲ್ಲ. ಸೂರ್ಯ ಬಂದು ಮೂಗು ಇಂಡಿದ್ರೂ ಏಳಕ್ಕಿಲ್ಲ. ಆಲಿನ ಚೊಂಬು ಮುಟ್ಟಕ್ಕಿಲ್ಲ. ಕಾಫಿ ಮಂಚಕ್ಕೆ ಬರ್ಬೇಕು, ಕುಡಿದು ಲೋಟ ಅಲ್ಲೇ ಬಿಡ್ಬೇಕು!"

ಆ ವರ್ಷದ ಡೈರಿ ಬೋನಸ್ಸು ಕೈಗೆ ಬಂದದ್ದೇ ತಡ, ಪಿಳ್ಳಮ್ಮ ಗಂಡನ ಮುಂದೆ ವಿಷಯ ಇಟ್ಟಳು. ಗಂಡ ಮುನಿಯಣ್ಣ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ರಾತ್ರಿ ಪಾಳಿ ವಾಚ್‌ಮನ್ ಆಗಿದ್ದವನು. ಆ ಕೆಲಸದಲ್ಲಿ ಅವನು ಕಲಿತದ್ದು ಒಂದೇ ವಿದ್ಯೆ: ನಿಂತರೆ ನಿಂತಲ್ಲಿ, ಕೂತರೆ ಕೂತಲ್ಲಿ ನಿದ್ದೆ ಮಾಡುವುದು.

"ತಲೆ ಗಿಲೆ ಕೆಟ್ಟದಾ ನಿಂಗೆ?" ಎಂದ ಮುನಿಯಣ್ಣ. "ಇಲ್ಲಿ ಬೀಡಿ ಅಚ್ಕೊಂಡು ಲೂನಾ ಅತ್ತಿದ್ರೆ ಅದು ಆರೋದ್ರೊಳಗೆ ಆ ಪಾರ್ಕು ಸಿಗ್ತದೆ. ಅಷ್ಟು ಅತ್ರಕ್ಕೋಗಿ ದುಡ್ಡು ಸುರಿದು ಮಲಗ್ಬೇಕಾ? ಜಗಲಿ ಮೇಲೆ ಚಾಪೆ ಆಸ್ತೀನಿ, ಬಿಟ್ಟಿ ಮಲಿಕೋ!"

"ಮಲಗೋಕಲ್ಲ ಕಣ್ರೀ ದುಡ್ಡು ಕೊಡೋದು. ಏಳದೇ ಇರೋಕೆ!"

"ಏಳದೇ ಇರೋಕೆ ದುಡ್ಡು ಕೊಟ್ಟೋರ್ನ ನಾನೆಲ್ಲೂ ಕಂಡಿಲ್ಲ. ನಂಗೆ ಫ್ಯಾಕ್ಟ್ರಿಯೋರು ಅದಕ್ಕೇ ಸಂಬಳ ಕೊಡ್ತಿದ್ರು!"

ಆದರೂ ಬೋನಸ್ಸು ಅವಳದು, ಹಟವೂ ಅವಳದೇ. ಉಳಿದದ್ದು ಗೌರಿಯ ಸಮಸ್ಯೆ. ಗೌರಿ ಎಂದರೆ ಮನೆಯ ಹಸು. ಪಿಳ್ಳಮ್ಮನ ಕೈ ಬಿಟ್ಟು ಬೇರೆ ಕೈ ಕೆಚ್ಚಲಿಗೆ ತಾಕಿದರೆ ಅದರ ಹಿಂಗಾಲು ತಕ್ಷಣ ಉತ್ತರ ಕೊಡುತ್ತಿತ್ತು. ಪಿಳ್ಳಮ್ಮ ಇದಕ್ಕೂ ಉಪಾಯ ಹೂಡಿದ್ದಳು. ಸೊಸೆ ಲಾವಣ್ಯಳನ್ನು ಕರೆದು ತನ್ನ ಹಸಿರು ಸೀರೆ ಕೈಗಿತ್ತಳು.

"ಬೆಳಿಗ್ಗೆ ಇದನ್ನ ಉಟ್ಕೊಂಡು, ಸೆರಗು ತಲೆ ಮೇಲೆ ಎಳ್ಕೊಂಡು ಕರಿಯೋಕ್ ಕೂತ್ಕೋ. ಅದು ಸೀರೆ ನೋಡ್ತದೆ, ಮುಖ ನೋಡಕ್ಕಿಲ್ಲ."

"ವಾಸ್ನೆ ನೋಡಿದ್ರೆ ಅತ್ತೆ?"

"ಅದಕ್ಕೇ ಒಗೀದಂಗೆ ಮಡಗಿವ್ನಿ!"

ಹೀಗೆ ಎಲ್ಲವನ್ನೂ ಭದ್ರ ಮಾಡಿ, ಮಧ್ಯಾಹ್ನದ ಹಾಲು ತಾನೇ ಕರೆದಿಟ್ಟು, ಪಿಳ್ಳಮ್ಮ ಲೂನಾ ಏರಿದಳು. ರೆಸಾರ್ಟಿನ ಬಾಗಿಲಲ್ಲಿ ಟೈ ಕಟ್ಟಿದ ಮ್ಯಾನೇಜರ್ ವಿನಾಯಕ್ ಕೈಮುಗಿದು, "ವೆಲ್‌ಕಮ್ ಸಾರ್! ವೆಲ್‌ಕಮ್ ಮೇಡಂ!" ಎಂದ. ಪಿಳ್ಳಮ್ಮ ಹಿಂದೆ ತಿರುಗಿ ನೋಡಿದಳು. ಯಾವ ಮೇಡಮ್ಮೂ ಇರಲಿಲ್ಲ. ಹಾಗಾದರೆ ತಾನೇ! ಅಲ್ಲಿಗೆ ಅರ್ಧ ಬಾಡಿಗೆ ವಸೂಲಾಯಿತು ಎಂದುಕೊಂಡಳು.

ರೂಮು ಅರಮನೆಯಂತಿತ್ತು. ಕಾಲಿಟ್ಟರೆ ಮೊಣಕಾಲವರೆಗೂ ಹೂತುಹೋಗುವ ಹಾಸಿಗೆ. ಮೇಜಿನ ಮೇಲೆ ನೀರು ಕಾಯಿಸುವ ಕರೆಂಟು ಕೆಟಲು. ಮುನಿಯಣ್ಣ ನೇರವಾಗಿ ಬಾಲ್ಕನಿಗೆ ಹೋಗಿ ಅಲ್ಲಿಂದಲೇ ಕೂಗಿದ:

"ಅಮ್ಮೀ, ಬಾ ಇಲ್ಲಿ. ಅಗೋ ಆ ಬಯಲಿನಾಚೆ, ನಮ್ಮ ಉಣಸೆಮರ! ಇಷ್ಟ್ ದುಡ್ ಕೊಟ್ಟು ಬಂದಿದ್ದು ನಮ್ಮ ಮರ ನೋಡೋಕಾ?"

ರೂಮು ತೋರಿಸಲು ಬಂದಿದ್ದ ಮ್ಯಾನೇಜರ್ ಸಮಾಧಾನ ಮಾಡಲು ಹೋದ. "ಸಾರ್, ಈ ಬ್ಲಾಕೇ ಹೊಸದು. ಇವತ್ತೇ ಓಪನ್ ಆಗಿರೋದು. ಪೇಂಟ್ ವಾಸನೆ ಕೂಡ ಹೋಗಿಲ್ಲ. ಈ ರೂಮಲ್ಲಿ ಇದುವರೆಗೂ ಒಬ್ಬರೂ ಮಲಗಿಲ್ಲ, ನೀವೇ ಮೊದಲನೆಯವರು!"

ಮಂಚದ ಅಂಚಿಗೆ ಕೂತಿದ್ದ ಪಿಳ್ಳಮ್ಮ ಚೇಳು ಕಂಡವಳಂತೆ ಎದ್ದು ನಿಂತಳು. ಹೊಸ ಗೋಡೆ, ಹೊಸ ಸೂರು! ಯಾರೂ ಒಕ್ಕಲಾಗದ ಕೋಣೆ! ಹಾಲು ಉಕ್ಕಿಸದೆ ಹೊಸ ಸೂರಿನ ಕೆಳಗೆ ತಲೆಯಿಟ್ಟು ಮಲಗುವುದುಂಟೇ? ಕುರಿದೊಡ್ಡಿ ಕಟ್ಟಿದರೂ ಒಂದು ಲೋಟ ಹಾಲು ಉಕ್ಕಿಸಿ ಒಳಗೆ ಹೊಕ್ಕ ವಂಶ ಅವಳದು. ಆದರೆ ಟೈ ಕಟ್ಟಿದ ಮನುಷ್ಯನ ಮುಂದೆ ಇದನ್ನು ಹೇಳಲು ಸಂಕೋಚ. ಅವನು ಹೊರಟುಹೋದ. ಮುನಿಯಣ್ಣನೂ, "ಕೊಟ್ಟ ದುಡ್ಡಿಗೆ ಆ ದೊಡ್ಡ ಚಕ್ರಾನಾದ್ರೂ ಅತ್ತಿ ಬತ್ತೀನಿ," ಎಂದು ಜೈಂಟ್ ವ್ಹೀಲಿನ ಕಡೆಗೆ ನಡೆದ.

ಪಿಳ್ಳಮ್ಮ ರೂಮಿನ ಕೆಲಸದ ಯಮನಪ್ಪನನ್ನು ಕರೆದು ಒಂದು ಜಗ್ಗು ಹಾಲು ತರಿಸಿದಳು. ಒಲೆಯಿಲ್ಲ. ಆದರೆ ಕೆಟಲಿದೆಯಲ್ಲ! ಅದನ್ನು ಪೂರ್ವಕ್ಕೆ ಮುಖ ಮಾಡಿಟ್ಟು, ಹೊಟ್ಟೆಗೆ ಕುಂಕುಮವಿಟ್ಟು, ಕಂಠದವರೆಗೆ ಹಾಲು ತುಂಬಿ, ಮುಚ್ಚಳ ತೆಗೆದು ಸ್ವಿಚ್ಚು ಹಾಕಿದಳು. "ತಂದೆ ಮುನೇಸ್ವರ, ಬಾಡಿಗೆ ಮನೆ ಅನ್ಬೇಡ, ಒಂದ್ ರಾತ್ರಿ ಕಾಪಾಡಪ್ಪ," ಎಂದು ಕಣ್ಣು ಮುಚ್ಚಿದಳು.

ಹಾಲು ಗುರುಗುಟ್ಟಿತು, ಏರಿತು, ಉಕ್ಕಿತು! ಪೂರ್ವಕ್ಕೇ ಉಕ್ಕಿತು! ಪಿಳ್ಳಮ್ಮನ ಕೈ ಇನ್ನೂ ಮುಗಿದೇ ಇತ್ತು. ಆ ಪೂರ್ವದಲ್ಲೇ ಪ್ಲಗ್ಗು ಇತ್ತು ಎಂಬುದು ಅವಳ ಗಮನಕ್ಕೆ ಬಂದದ್ದು ಢಮಾರ್ ಎಂದ ಮೇಲೆ.

ರೂಮಿನ ದೀಪ ಹೋಯಿತು. ವರಾಂಡದ ದೀಪ ಹೋಯಿತು. ಹೊಸ ಬ್ಲಾಕಿನ ಹೊಸ ವೈರಿಂಗು ಪಾರ್ಕಿನ ಉಳಿದ ವೈರಿಂಗನ್ನೂ ಕೈಹಿಡಿದು ಕರೆದುಕೊಂಡು ಹೋಯಿತು. ಈಜುಕೊಳದಲ್ಲಿ ಏಳುತ್ತಿದ್ದ ಅಲೆಗಳು ಇದ್ದಲ್ಲೇ ಮಲಗಿದವು. ಹಾಡು ನಿಂತಿತು. ಜೈಂಟ್ ವ್ಹೀಲೂ ನಿಂತಿತು, ಸರಿಯಾಗಿ ಮುನಿಯಣ್ಣನ ತೊಟ್ಟಿಲು ತುತ್ತತುದಿ ಮುಟ್ಟಿದ ಗಳಿಗೆಯಲ್ಲಿ. ಮುಸ್ಸಂಜೆಯ ಆಕಾಶದಿಂದ ಅವನ ದನಿ ಕೇಳಿಬಂತು: "ಅಮ್ಮೀ! ಇಲ್ಲಿಂದ ನಮ್ಮ ಇತ್ತಲೂ ಕಾಣ್ತದೆ! ನನ್ನ ಕೆಳಗಿಳ್ಸೇ!"

ಮ್ಯಾನೇಜರ್ ಟಾರ್ಚು ಹಿಡಿದು ಓಡಿಬಂದ. ಅವನ ಹಿಂದೆ ಎಲ್ಲ ರೂಮಿನವರೂ ಬಂದರು.

"ಮೇಡಂ, ಕೆಟಲಲ್ಲಿ ಏನ್ ಮಾಡಿದ್ರಿ?"

ಪಿಳ್ಳಮ್ಮನ ಸಂಕೋಚ ದೀಪದ ಜೊತೆಗೇ ಆರಿಹೋಗಿತ್ತು. "ನೀವು ಮಾಡ್ಬೇಕಾಗಿದ್ದುದ್ನೇ ಮಾಡ್ದೆ ಸ್ವಾಮಿ. ಜನ ಮಲಗೋ ಜಾಗದಾಗೆ ಆಲು ಉಕ್ಸಿದ್ರಾ?"

"ಇದು ಹೋಟ್ಲು ಮೇಡಂ! ಮಿನಿಸ್ಟರ್ ಬಂದು ರಿಬ್ಬನ್ ಕಟ್ ಮಾಡಿದಾರೆ."

"ರಿಬ್ಬನ್ ಕತ್ತರಿಸಿದ್ರೆ ಒಕ್ಕಲಾಯ್ತದಾ? ಮಿನಿಸ್ಟ್ರು ರಾತ್ರಿ ಇಲ್ಲಿ ಮಲಗಿದ್ರಾ? ಅವ್ರು ಉಷಾರು, ಅದಕ್ಕೇ ಮನೆಗೋದ್ರು!"

ಕತ್ತಲಲ್ಲಿ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಪಕ್ಕದ ರೂಮಿನ ಕಮಲಮ್ಮ. ದಾವಣಗೆರೆ ಕಡೆಯವರು, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಿಂದ ಗಂಡನ ಜೊತೆ ಬಂದಿದ್ದರು.

"ಅಲ್ರೀ ಮ್ಯಾನೇಜರ್ರ, ಹಾಲ ಉಕ್ಕಿಸಿಲ್ಲೇನು? ನಮ್ಮ ರೂಮೂ ಹೊಸದೇನ್ರೀ?"

"ಎಲ್ಲಾ ಹೊಸದೇ ಮೇಡಂ. ಬ್ರಾಂಡ್ ನ್ಯೂ," ಎಂದ ವಿನಾಯಕ್, ಇನ್ನೂ ಸ್ವಲ್ಪ ಹೆಮ್ಮೆಯಿಂದಲೇ.

ಕಮಲಮ್ಮ ಗಂಡನ ಕಡೆ ತಿರುಗಿದರು. "ಏನ್ರೀ, ಸೂಟ್‌ಕೇಸ್ ಕಟ್ರಿ!"

ಅಷ್ಟೇ ಸಾಕಾಯಿತು. ಆ ಕಡೆಯ ರೂಮಿನವರು ಸೂಟ್‌ಕೇಸು ಎಂದರು, ಈ ಕಡೆಯವರು ದುಡ್ಡು ವಾಪಸ್ಸು ಎಂದರು. ತನಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ ಎಂದ ಕನ್ನಡಕದವರೊಬ್ಬರು ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡರು! ವಿನಾಯಕನ ಟೈ ತಾನಾಗಿ ಸಡಿಲವಾಯಿತು. ಅವನು ಪಿಳ್ಳಮ್ಮನ ಹತ್ತಿರ ಬಂದು ದನಿ ತಗ್ಗಿಸಿದ.

"ಅಮ್ಮಾ, ನೀವೇ ಎಲ್ಲಾ ರೂಮಲ್ಲೂ ಉಕ್ಕಿಸಿಕೊಟ್ಬಿಡಿ. ದಯವಿಟ್ಟು. ಕೆಟಲು ಮಾತ್ರ ಬೇಡ!"

ಕರೆಂಟು ಬಂತು. ಮುನಿಯಣ್ಣ ಭೂಮಿಗೆ ಬಂದ, ಯಾರನ್ನೂ ಮಾತಾಡಿಸದೆ ಹಾಸಿಗೆಯಲ್ಲಿ ಹೂತುಕೊಂಡು ಗೊರಕೆ ಶುರುಮಾಡಿದ. ಇತ್ತ ಮೆರವಣಿಗೆ ಹೊರಟಿತು. ಮುಂದೆ ಅಡುಗೆ ಭಟ್ಟರ ತಲೆಯ ಮೇಲೆ ಗ್ಯಾಸ್ ಸ್ಟೌವು, ಹಿಂದೆ ಯಮನಪ್ಪನ ಕೈಯಲ್ಲಿ ಹಾಲಿನ ಪಾತ್ರೆ, ನಡುವೆ ಅರಿಶಿನ ಕುಂಕುಮದ ತಟ್ಟೆ ಹಿಡಿದ ಪಿಳ್ಳಮ್ಮ! ಕಮಲಮ್ಮ ಸೋಬಾನೆ ಎತ್ತಿದರು. ಪ್ರತಿ ರೂಮಿನಲ್ಲೂ ಹಾಲು ಉಕ್ಕಿತು, ಹೆಂಗಸರು ಪಿಳ್ಳಮ್ಮನ ಕಾಲು ಮುಟ್ಟಿದರು. ಆ ಉತ್ಸಾಹದಲ್ಲಿ ಪಿಳ್ಳಮ್ಮ ಒಂದು ಮಾತು ಹೆಚ್ಚಾಗಿಯೇ ಆಡಿದಳು.

"ಈ ಪ್ಯಾಕೆಟ್ ಆಲು ಉಕ್ಕೋಕೂ ಸೋಮಾರಿ ಕಣಮ್ಮ. ನಮ್ಮ ಗೌರಿ ಆಲಾಗಿದ್ರೆ ಬೆಂಕಿಕಡ್ಡಿ ಗೀರೋ ಸದ್ದಿಗೇ ಉಕ್ಕಿರೋದು! ಅಗೋ, ಆ ಉಣಸೆಮರದ ಕೆಳಗೇ ನಮ್ಮನೆ."

ವಿನಾಯಕ್ ಇದನ್ನು ಕೇಳಿಸಿಕೊಂಡ.

ಬೆಳಗಾಯಿತು. ಎಂದಿನಂತೆ ಕೋಳಿಗಿಂತ ಮುಂಚೆ ಎಚ್ಚರವಾದರೂ ಪಿಳ್ಳಮ್ಮ ಏಳಲಿಲ್ಲ. ಕಾಲು ತಾವಾಗಿ ಮಂಚದಿಂದಿಳಿಯಲು ಹೋದವು, ಎಳೆದುಕೊಂಡಳು. ಕೈ ಚೊಂಬು ಹುಡುಕಿತು, ತಲೆದಿಂಬಿನ ಕೆಳಗೆ ತುರುಕಿದಳು. ಏನೂ ಮಾಡದೆ ಮಲಗಿರುವುದು ಇಷ್ಟು ಶ್ರಮದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ! ಸೂರ್ಯ ಕಿಟಕಿಗೆ ಬಂದ, ಮಂಚಕ್ಕೆ ಬಂದ, ಮೂಗಿಗೂ ಬಂದ. ಕಾಫಿ ಬರಲಿಲ್ಲ.

ಕೊನೆಗೂ ಬಾಗಿಲು ಬಡಿದ ಸದ್ದು. ಪಿಳ್ಳಮ್ಮ ದಿಂಬಿಗೊರಗಿ, ಸೆರಗು ಸರಿಮಾಡಿಕೊಂಡು, ಮಹಾರಾಣಿಯಂತೆ "ಬಾಪ್ಪ," ಎಂದಳು. ಬಂದವನು ಯಮನಪ್ಪ. ಕೈಯಲ್ಲಿ ಖಾಲಿ ತಟ್ಟೆ. ಹಿಂದೆ ವಿನಾಯಕ್, ಟೈ ಇಲ್ಲ.

"ಅಮ್ಮಾ, ಹಾಲಿಲ್ಲ. ರಾತ್ರಿ ಇದ್ದಿದ್ದೆಲ್ಲಾ ಉಕ್ಕಿಹೋಯ್ತು. ಹಾಲಿನ ವ್ಯಾನು ಬರೋಕೆ ಇನ್ನೂ ಹೊತ್ತಿದೆ. ಡೈರಿ ಹಾಲು ಆಗ್ಲೇ ಲಾರಿಗೆ ಹೋಗ್ಬಿಟ್ಟಿದೆ. ಗೆಸ್ಟ್‌ಗಳೆಲ್ಲಾ ಕಾಫಿ ಕಾಫಿ ಅಂತ ನನ್ನ ತಿಂತಾ ಇದಾರೆ. ನಿಮ್ಮ ಗೌರಿ..."

"ಅದಕ್ಕೇನು? ಜೀಪ್ ಕಳ್ಸು. ನನ್ನ ಸೊಸೆ ಅವ್ಳೆ."

"ಕಳ್ಸಿದ್ದೆ ಅಮ್ಮಾ. ನಿಮ್ಮ ಸೊಸೆ ಹಸಿರು ಸೀರೆ ಉಟ್ಕೊಂಡು ಹುಲ್ಲಿನ ಅಟ್ಟದ ಮೇಲೆ ಕೂತಿದಾರಂತೆ. ಹಸು ಕೆಳಗಡೆ ಕಾಯ್ತಾ ಇದ್ಯಂತೆ."

ಪಿಳ್ಳಮ್ಮ ಕಣ್ಣು ಮುಚ್ಚಿ ಲೆಕ್ಕ ಹಾಕಿದಳು. ಕಾಫಿ ಮಂಚಕ್ಕೆ ಬರಬೇಕಾದರೆ ಹಾಲು ಅಡುಗೆಮನೆಗೆ ಬರಬೇಕು. ಹಾಲು ಬರಬೇಕಾದರೆ ಪಿಳ್ಳಮ್ಮ ಕೊಟ್ಟಿಗೆಗೆ ಹೋಗಬೇಕು. ಬೇರೆ ದಾರಿ ಯಾವ ಕಡೆಯಿಂದ ತಿರುಗಿಸಿ ನೋಡಿದರೂ ಇಲ್ಲ. ಗೊರಕೆ ಹೊಡೆಯುತ್ತಿದ್ದ ಗಂಡನಿಗೆ ಹೊದಿಕೆ ಸರಿಮಾಡಿ, ಡೈರಿಯ ಹೆಂಗಸರ ಕಣ್ಣಿಗೆ ಬೀಳದಂತೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಜೀಪು ಹತ್ತಿದಳು.

ಅವಳನ್ನು ಕಂಡ ಕೂಡಲೇ ಗೌರಿ ಅಂಬಾ ಎಂದಿತು. ಲಾವಣ್ಯ ಅಟ್ಟದ ಮೇಲಿಂದ ಅಳುದನಿಯಲ್ಲಿ ಹೇಳಿದಳು: "ಅತ್ತೇ, ಅದು ಸೀರೆ ನೋಡ್ಲೇ ಇಲ್ಲ. ನೇರವಾಗಿ ಮುಖಾನೇ ನೋಡ್ತು!"

"ಇಳಿಯೇ ಸಾಕು," ಎಂದು ಪಿಳ್ಳಮ್ಮ ಕೆಚ್ಚಲಿಗೆ ನೀರು ಚಿಮುಕಿಸಿ ಚೊಂಬು ಹಿಡಿದು ಕೂತಳು. ಸರ್ ಸರ್ ಎಂದು ನೊರೆ ಏರಿತು. ಗೌರಿ ಬಾಲದಿಂದ ಅವಳ ಬೆನ್ನಿಗೆ ಮೆಲ್ಲಗೆ ಒಂದು ಕೊಟ್ಟಿತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ ಹಾಗಿತ್ತು. "ಮೇಡಂ ಆಗೋಕ್ ಓಗಿದ್ದೆ ಕಣವ್ವ," ಎಂದು ಪಿಳ್ಳಮ್ಮ ನಕ್ಕುಬಿಟ್ಟಳು.

ಕ್ಯಾನನ್ನು ಅಡುಗೆಮನೆಗೆ ಒಪ್ಪಿಸಿ, ಬೆಕ್ಕಿನ ಹೆಜ್ಜೆಯಲ್ಲಿ ರೂಮಿಗೆ ಬಂದು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಮತ್ತೆ ಮಲಗಿದಳು. ಕೈಯಲ್ಲಿ ಹಿಂಡಿಯ ವಾಸನೆ ಇನ್ನೂ ಇತ್ತು. ಇರಲಿ! ಬಾಗಿಲು ಬಡಿಯಿತು. "ಗುಡ್ ಮಾರ್ನಿಂಗ್ ಮೇಡಂ, ಕಾಫಿ!"

ಬಂತು. ಮಂಚಕ್ಕೇ ಬಂತು. ಒಂದು ತಟ್ಟೆ, ಎರಡು ಬಟ್ಟಲು, ಮೇಲೆ ಹಬೆ. ಪಿಳ್ಳಮ್ಮ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಹಾಲು ಯಾರು ಕರೆದರೇನು, ಕಾಯಿಸಿದವರು ಬೇರೆ, ತಂದವರು ಬೇರೆ, ತೊಳೆಯುವವರೂ ಬೇರೆ! ಜೀವಕ್ಕೆ ಇಷ್ಟು ಸಾಕು ಎನಿಸಿತು.

ಕಾಫಿಯ ಘಮಕ್ಕೆ ಮುನಿಯಣ್ಣನೂ ಎದ್ದು ಕೂತ. ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಹೆಂಡತಿಯ ಕಡೆ ತಿರುಗಿದ ಅವನ ಮುಖದಲ್ಲಿ ಅವಳು ಮದುವೆಯಾದಂದಿನಿಂದ ಕಾಣದ ವಿನಯವಿತ್ತು.

"ಅಮ್ಮೀ, ನಾನ್ ಅಂದಿದ್ದು ತಪ್ಪು. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಇದು ಕಾಫಿ ಅಂದ್ರೆ! ಇಷ್ಟು ವರ್ಷ ಮನೇಲಿ ಕುಡಿದ್ನಲ್ಲ, ಒಂದ್ ದಿನಾನಾದ್ರೂ ಇಂತಾ ರುಚಿ ಕಂಡಿದ್ನಾ? ಎಲ್ಲಾ ಆಲಿನ ಗುಣ. ನೀನೊಂದ್ ಕೆಲಸ ಮಾಡು. ಒರಡೋಕ್ ಮುಂಚೆ ಆ ಮ್ಯಾನೇಜರ್‌ನ ಇಡ್ಕೊಂಡು, ಇವ್ರು ಯಾವ ಅಸುವಿನ್ ಆಲು ತರಿಸ್ತಾರೆ ಅಂತ ಕೇಳ್ಕೊಂಡ್ ಬಾ. ನಮ್ಮ ಗೌರೀನ ಮಾರ್ಬಿಟ್ಟು ಅದನ್ನೇ ತರಾನ!"