ಬಾಗಿಲ ಬಳಿಯ ಜಾಗ

ನನ್ನಲ್ಲಿ ದುರ್ಗುಣಗಳಿಗೇನೂ ಕೊರತೆಯಿಲ್ಲ. ಅವುಗಳಲ್ಲೆಲ್ಲ ನನಗೆ ಹೆಚ್ಚು ಕಾಟ ಕೊಟ್ಟದ್ದು ನನ್ನ ನಮ್ರತೆ. ಸಿಟ್ಟು ಬಂದರೆ ಬೈದು ಮುಗಿಸಬಹುದು. ಜಿಪುಣತನವನ್ನು ಹೆಂಡತಿ ಆಗಾಗ ತಿದ್ದುತ್ತಾಳೆ. ನಮ್ರತೆ ಹಾಗಲ್ಲ. ಅದನ್ನು ನಾಲ್ಕು ಜನ ನೋಡಬೇಕು, ಅವರು ನೋಡಿದ್ದು ನಮಗೆ ಗೊತ್ತಾಗಬೇಕು, ನಮಗೆ ಗೊತ್ತಾದದ್ದು ಮಾತ್ರ ಅವರಿಗೆ ಗೊತ್ತಾಗಬಾರದು. ಒಬ್ಬ ಶಾಲಾ ಮಾಸ್ತರನಿಗೆ ಇದೇನು ಸಣ್ಣ ಕೆಲಸವಲ್ಲ.

ಗಡಹಿಂಗ್ಲಜದಿಂದ ಇಚಲಕರಂಜಿಯ ಶಾಲೆಗೆ ನನಗೆ ವರ್ಗವಾದದ್ದು ಮಹಾರಾಷ್ಟ್ರ ರಾಜ್ಯವಾದ ಹೊಸದರಲ್ಲಿ. ಮಗ್ಗದ ಕಾರಖಾನೆಗಳಲ್ಲಿ ದುಡಿಯಲು ಬಂದ ಹತ್ತು ಹನ್ನೆರಡು ಕನ್ನಡ ಕ್ರೈಸ್ತ ಮನೆತನಗಳು ಅಲ್ಲಿದ್ದವು. ಒಂದು ಹಂಚಿನ ಕೋಣೆಯಲ್ಲಿ ಭಾನುವಾರದ ಆರಾಧನೆ. ಎಲ್ಲರಿಗೂ ನೆಲದ ಮೇಲೆ ಜಮಖಾನೆ. ಓದುಬರಹ ಬಲ್ಲವನೆಂದು ನನಗೊಬ್ಬನಿಗೆ ಪಾದ್ರಿಗಳ ಪಕ್ಕದಲ್ಲಿ ಕುರ್ಚಿ. ಆ ಕುರ್ಚಿಯ ಮೇಲೆ ನಾನು ಸುಖವಾಗಿಯೇ ಇದ್ದೆ. ಎಲ್ಲ ಕೆಟ್ಟದ್ದು ಕೊಲ್ಹಾಪುರದ ಒಂದು ಮದುವೆಯಿಂದ. ಹೆಂಡತಿಯ ದೂರದ ನೆಂಟರ ಮದುವೆ. ಹೊಸ ಕೋಟು ತೊಟ್ಟು ದೇವಾಲಯದ ಮೊದಲ ಬೆಂಚಿನಲ್ಲಿ ಕುಳಿತಿದ್ದೆ. ಯಾರೋ ಬಂದು, "ಮಾಸ್ತರ್, ಜರಾ ಮಾಗೆ ಬಸಾ," ಎಂದರು. ಹಿಂದಕ್ಕೆ ಹೋದೆ. ಅಲ್ಲಿಗೆ ಹೆಣ್ಣಿನ ಕಡೆಯ ಹಿರಿಯರು ಬಂದರು. ಹೀಗೆ ಸರಿಯುತ್ತ ಸರಿಯುತ್ತ ಚಪ್ಪಲಿಗಳ ಹತ್ತಿರ ಮುಟ್ಟಿದೆ. ಮದುವೆಗೆ ಕರೆದರೆ ಕಡೆಯ ಜಾಗದಲ್ಲಿ ಕೂಡಬೇಕೆಂದು ಕರ್ತನು ಹೇಳಿದ್ದನ್ನು ನಾನೇ ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದೆ. ಅದು ಕಲಿಸುವವನಿಗೂ ಅನ್ವಯಿಸುತ್ತದೆಂದು ತಿಳಿದದ್ದು ಆವತ್ತು.

ಮುಂದಿನ ಭಾನುವಾರ ಕುರ್ಚಿ ಬಿಟ್ಟು, ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತೆ. ಪಾದ್ರಿಗಳು ಕರೆದರು, ಕೈಮುಗಿದು ಒಲ್ಲೆನೆಂದೆ. ಇಡೀ ಸಭೆ ತಿರುಗಿ ನೋಡಿತು. ಕುರ್ಚಿಯ ಮೇಲಿದ್ದಾಗ ಯಾರೂ ನನ್ನನ್ನು ಅಷ್ಟು ನೋಡಿರಲಿಲ್ಲ.

ಆ ಜಾಗದಲ್ಲಿ ಯಾವಾಗಲೂ ಕುಳಿತುಕೊಳ್ಳುತ್ತಿದ್ದವರು ದಾನಪ್ಪನವರು. ಕಾರಖಾನೆಯಲ್ಲಿ ನೂಲು ಸುತ್ತಿ ಸುತ್ತಿ ಮುದುಕರಾದವರು. ನನ್ನನ್ನು ಕಂಡು ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ನನಗೆ ಹೊಟ್ಟೆ ಉರಿಯಿತು. ನಾನು ಬಾಗಿಲಿಗೆ ಬಂದರೆ ಈ ಮನುಷ್ಯ ಮೆಟ್ಟಿಲಿಗೇ ಇಳಿಯಬೇಕೇ? ಮೂರು ವಾರ ಸಹಿಸಿಕೊಂಡೆ. ನಾಲ್ಕನೆಯ ವಾರ, ಒಳ್ಳೆ ಚಳಿಯಲ್ಲಿ, ಎಲ್ಲರಿಗಿಂತ ಮೊದಲೇ ಹೋಗಿ ಮೆಟ್ಟಿಲನ್ನೇ ಹಿಡಿದೆ. ಆವತ್ತು ದಾನಪ್ಪನವರು ಬರಲಿಲ್ಲ. ಮರುವಾರವೂ ಇಲ್ಲ. ಗೆದ್ದೆನೆಂದುಕೊಂಡು ಮನೆಗೆ ಬಂದು ಊಟಕ್ಕೆ ಕುಳಿತೆ.

ರೊಟ್ಟಿ ಬಡಿಸುತ್ತ ಹೆಂಡತಿ, "ದಾನಪ್ಪಜ್ಜ ಹಾಸಿಗಿ ಹಿಡದಾರ, ಗೊತ್ತೈತಿಲ್ಲೋ ನಿಮಗ?" ಎಂದಳು.

"ಯಾಕ, ಏನಾತು?"

"ಏನಾತಂದ್ರ? ಆ ಅಜ್ಜಗ ದಮ್ಮು ಐತ್ರಿ. ಬೆನ್ನಿಗೆ ಗ್ವಾಡಿ ಬೇಕು, ಕೆಮ್ಮು ಬಂದ್ರ ಎದ್ದು ಹೋಗಾಕ ಬಾಗ್ಲ ಬೇಕು. ನೀವು ಹೋಗಿ ಅಲ್ಲೇ ಕುಂತ್ರಿ. ಥಂಡ್ಯಾಗ ಹೊರಗ ಕುಂತು ಕುಂತು ಎದಿ ಹಿಡದೈತಿ."

"ಮೊದಲ ಹೇಳಬಾರದಾ?"

"ನಾ ಹೇಳಾಕ ಬಂದಿದ್ನಲ್ರಿ. 'ನಾ ಸಣ್ಣಾಂವ, ನನಗ ಸಣ್ಣ ಜಾಗಾ ಸಾಕು' ಅಂತ ಕಣ್ಣ ಮುಚ್ಚಿದ್ರಿ."

ಆ ಮುದುಕರಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಸಂತೋಷವೆಂದರೆ ಆ ಒಂದು ತಾಸಿನ ಆರಾಧನೆ. ಅದನ್ನೂ ನಾನು ಕಸಿದುಕೊಂಡಿದ್ದೆ. ನನಗೆ ನಿಜಕ್ಕೂ ಬಹಳ ದುಃಖವಾಯಿತು.

ಸಂಜೆ ತಪ್ಪೊಪ್ಪಿಕೊಳ್ಳಲು ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಚೆನ್ನಾಗಿ ಬಂದವನ್ನು ಎರಡೆರಡು ಸಲ ಹೇಳಿಕೊಂಡೆ. ದಾನಪ್ಪನವರು ಕೌದಿ ಹೊದ್ದು ಗೋಡೆಗೆ ಒರಗಿದ್ದರು. ಒಂದೊಂದು ಉಸಿರಿಗೂ ಎದೆ ಮೇಲೇಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

"ಬರ್ರಿ ಮಾಸ್ತರ್ರ. ಈಗ ಹ್ಯಾಂಗೈತ್ರಿ ನಿಮ್ಮ ದಮ್ಮು?"

"ನನ್ನ ದಮ್ಮಾ?"

"ಮುಚ್ಚಿಡಬ್ಯಾಡ್ರಿ. ಕುರ್ಚಿ ಬಿಟ್ಟು ಬಾಗ್ಲಕ ಬಂದ್ರಿ. ಆಮ್ಯಾಲ ಗಾಳಿ ಬೇಕಂತ ಹೊರಗೂ ಕುಂತ್ರಂತ. ನನಗೂ ಮೊದಮೊದಲ ಹಿಂಗ ಆಗಿತ್ತು. ದಿನಾ ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡಾಕತ್ತೇನಿ."

ಜೋಡಿಸಿಕೊಂಡು ಹೋದ ಮಾತುಗಳಲ್ಲಿ ಒಂದೂ ಇದಕ್ಕೆ ಹೊಂದುವಂತಿರಲಿಲ್ಲ. ನನಗೆ ಯಾವ ರೋಗವೂ ಇಲ್ಲ, ಜನ ನೋಡಲಿ ಎಂದು ನಿಮ್ಮ ಜಾಗದಲ್ಲಿ ಕುಳಿತೆ ಎಂದು ಹೇಳಬೇಕಿತ್ತು. ಅಷ್ಟು ಸಣ್ಣವನಾಗಲು ನನ್ನಿಂದ ಆಗಲಿಲ್ಲ.

"ಭಾಳ ಕಡಿಮಿ ಆಗೇತ್ರಿ," ಎಂದೆ.

ಅವರು ಕಣ್ಣು ಮುಚ್ಚಿ, ಉಸಿರು ಸಿಕ್ಕಷ್ಟರಲ್ಲೇ, ಮಾಸ್ತರರನ್ನು ಗುಣಪಡಿಸಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದರು. ನಾನು ಆಮೆನ್ ಎಂದೆ.

ಮನೆಯಲ್ಲಿ ಹೆಂಡತಿ, "ತಪ್ಪಾತು ಅಂದ್ರಿ?" ಎಂದಳು. "ಹೂಂ," ಎಂದೆ. ಅವಳ ಮುಖ ಅರಳಿತು. ಮರುದಿನವೇ ಅದನ್ನು ಪಾದ್ರಿಗಳ ಮನೆಗೂ ಮುಟ್ಟಿಸಿದಳು.

ಎಂಟು ದಿನದೊಳಗೆ ದಾನಪ್ಪನವರು ತೀರಿಕೊಂಡರು. ಮಣ್ಣು ಕೊಡುವ ಮೊದಲು ಪಾದ್ರಿಗಳು ಅವರ ಬಗ್ಗೆ ನಾಲ್ಕು ಮಾತು ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು: "ನಮ್ಮ ಮಾಸ್ತರ್ರು ಇಷ್ಟು ಕಲಿತವರಾಗಿ, ಈ ಅಜ್ಜನ ಮನಿಗೆ ಹೋಗಿ ತಪ್ಪಾತು ಅಂದ್ರು. ನಮ್ರತಾ ಅಂದ್ರ ಏನಂತ ಇವರನ್ನ ನೋಡಿ ಕಲೀರಿ."

ನಾನು ತಲೆ ತಗ್ಗಿಸಿದೆ. ಹುಟ್ಟಿದಾಗಿನಿಂದ ನಿಜವಾಗಿ ತಗ್ಗಿಸಿದ್ದು ಅದೊಂದೇ ಸಲ. ಅದನ್ನೂ ಕಂಡು ಜನ ಮೆಚ್ಚಿಕೊಂಡರು.